ಆ್ಯಂಟಿಬಯಾಟಿಕ್ ಕೊಡುವ ನರ್ಸ್ ಏನು ಕೇಳಬೇಕು, ಏನು ನೋಡಬೇಕು

ವಾರ್ಡಿನಲ್ಲಿ ಒಂದು ಶಿಫ್ಟಿಗೆ ಎಷ್ಟೋ ಸಲ ಆ್ಯಂಟಿಬಯಾಟಿಕ್ ಕೊಡುತ್ತೇವೆ. ಕೊಟ್ಟೂ ಕೊಟ್ಟೂ ಕೈಗೆ ರೂಢಿಯಾಗಿಬಿಟ್ಟಿರುತ್ತದೆ. ತೊಂದರೆ ಶುರುವಾಗುವುದೂ ಇಲ್ಲೇ. ಡಾಕ್ಟರ್ ಬರೆದಿರುತ್ತಾರೆ, ಫಾರ್ಮಸಿಯವರು ಕಳಿಸಿರುತ್ತಾರೆ, ಆದರೆ ಔಷಧಿ ಮೈಗೆ ಸೇರುವ ಹೊತ್ತಿನಲ್ಲಿ ಪೇಷೆಂಟ್ ಪಕ್ಕ ನಿಂತಿರುವುದು ನರ್ಸ್ ಒಬ್ಬರೇ. ಅಲರ್ಜಿ ಇದೆಯಾ ಅಂತ ಕೊನೆಯ ಸಲ ಕೇಳಬಲ್ಲವರು ಅವರೇ. ಮುಖ ಕೆಂಪಾಗಿದ್ದನ್ನು, ಬೆಳಗ್ಗೆಯಿಂದ ಮೂತ್ರ ಕಡಿಮೆಯಾಗಿದ್ದನ್ನು, ಮೂರನೇ ಸಲ ಲೂಸ್ ಮೋಷನ್ ಆಗಿದ್ದನ್ನು ಮೊದಲು ಗಮನಿಸುವವರೂ ಅವರೇ.

ಹೊಸದಾಗಿ ಡ್ಯೂಟಿಗೆ ಸೇರಿದವರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಕೊನೆಯ ಭಾಗ ಉಪಯೋಗಕ್ಕೆ ಬರುತ್ತದೆ. ಯಾವ ಔಷಧಿ, ಎಷ್ಟು ಡೋಸ್ ಅನ್ನುವುದು ಡಾಕ್ಟರ್ ತೀರ್ಮಾನ. ನಿಮ್ಮ ಆಸ್ಪತ್ರೆಯ ಪ್ರೋಟೋಕಾಲ್ ಇದ್ದರೆ ಅದೇ ಮೊದಲು.

ಅಲರ್ಜಿ ಇದೆಯಾ ಅಂತ ಒಂದೇ ಮಾತು ಕೇಳಿದರೆ ಸಾಲದು

"ಅಲರ್ಜಿ ಇದೆಯಾ?" ಅಂದರೆ ಬಹಳ ಜನ "ಇಲ್ಲ" ಅಂತಲೇ ಹೇಳುತ್ತಾರೆ. ಅವರಿಗೆ ನೆನಪಿರುವುದಿಲ್ಲ, ಇಲ್ಲವೇ ಅಲರ್ಜಿ ಅಂದರೆ ಧೂಳಿಗೆ ಸೀನು ಬರುವುದು ಅಂದುಕೊಂಡಿರುತ್ತಾರೆ. ಪ್ರಶ್ನೆಯನ್ನು ಬಿಡಿಸಿ ಕೇಳಿ. ಮುಂಚೆ ಯಾವುದಾದರೂ ಮಾತ್ರೆ, ಇಂಜೆಕ್ಷನ್ ತಗೊಂಡಾಗ ಮೈ ತುರಿಸಿತ್ತಾ? ಗಂಧೆ ಎದ್ದಿತ್ತಾ? ತುಟಿ, ಕಣ್ಣು ಊದಿತ್ತಾ? ಉಸಿರು ಕಟ್ಟಿತ್ತಾ, ತಲೆ ಸುತ್ತಿ ಬಿದ್ದಿದ್ದಿರಾ? ಹೌದು ಅಂದರೆ ಅಲ್ಲಿಗೇ ನಿಲ್ಲಿಸಬೇಡಿ. ಯಾವ ಔಷಧಿ, ಎಷ್ಟು ವರ್ಷದ ಹಿಂದೆ, ತಗೊಂಡು ಎಷ್ಟು ಹೊತ್ತಿಗೆ ಶುರುವಾಯಿತು, ಆಸ್ಪತ್ರೆಗೆ ಸೇರಿಸಬೇಕಾಯಿತಾ, ಆಮೇಲೆ ಅದೇ ಔಷಧಿಯನ್ನು ಮತ್ತೆ ಯಾವತ್ತಾದರೂ ತಗೊಂಡಿದ್ದೀರಾ, ಇಷ್ಟೂ ಬೇಕು. ಪೇಷೆಂಟ್‌ಗೆ ಹೇಳಲು ಆಗದಿದ್ದರೆ ಜೊತೆಯಲ್ಲಿ ಬಂದವರನ್ನು ಕೇಳಿ, ಹಳೆಯ ಡಿಸ್ಚಾರ್ಜ್ ಚೀಟಿ ಇದ್ದರೆ ತರಿಸಿ ನೋಡಿ.

ಇನ್ನೊಂದು ಕಡೆಯಿಂದಲೂ ಇದನ್ನು ನೋಡಬೇಕು. ಸುಮಾರು 100 ಜನರಲ್ಲಿ 10 ಜನ ತಮಗೆ ಪೆನಿಸಿಲಿನ್ ಅಲರ್ಜಿ ಇದೆ ಅನ್ನುತ್ತಾರೆ. ಸರಿಯಾಗಿ ಪರೀಕ್ಷೆ ಮಾಡಿದರೆ ಅವರಲ್ಲಿ 10ಕ್ಕೆ 9 ಜನರಿಗೆ ಅದು ಇರುವುದೇ ಇಲ್ಲ. ಚಿಕ್ಕವರಿದ್ದಾಗ ಜ್ವರದ ಜೊತೆ ಬಂದ ದದ್ದನ್ನು ಅಲರ್ಜಿ ಅಂತ ಬರೆದಿರುತ್ತಾರೆ. ಹೊಟ್ಟೆ ತೊಳೆಸಿದ್ದು, ಲೂಸ್ ಮೋಷನ್ ಆಗಿದ್ದು ಕೂಡ ಅಲರ್ಜಿ ಅಂತ ಚಾರ್ಟ್‌ಗೆ ಹೋಗಿಬಿಟ್ಟಿರುತ್ತದೆ. ನಿಜವಾಗಿ ಅಲರ್ಜಿ ಇದ್ದವರಲ್ಲೂ ಹತ್ತು ವರ್ಷ ಕಳೆಯುವಷ್ಟರಲ್ಲಿ ಬಹುಪಾಲು ಜನರಿಗೆ ಅದು ಹೋಗಿರುತ್ತದೆ. ಸುಮ್ನೆ "ಪೆನಿಸಿಲಿನ್ ಅಲರ್ಜಿ" ಅಂತ ಒಂದು ಸಾಲು ಬರೆದರೆ ಆ ಮನುಷ್ಯನಿಗೆ ಜೀವನಪೂರ್ತಿ ಅಷ್ಟು ಸರಿಹೊಂದದ, ಜಾಸ್ತಿ ತೊಂದರೆ ಕೊಡುವ ಔಷಧಿಗಳೇ ಸಿಗುತ್ತವೆ. ಆದ್ದರಿಂದ ಏನಾಯಿತು ಅನ್ನುವುದನ್ನು ಅವರ ಮಾತಿನಲ್ಲೇ ಬರೆದಿಡಿ. ಅಲರ್ಜಿ ಹೌದೋ ಅಲ್ಲವೋ ಅಂತ ತೀರ್ಮಾನಿಸುವುದು ನಮ್ಮ ಕೆಲಸ ಅಲ್ಲ, ತೀರ್ಮಾನಿಸುವವರಿಗೆ ಪೂರ್ತಿ ವಿವರ ಕೊಡುವುದು ಮಾತ್ರ ನಮ್ಮದೇ ಕೆಲಸ.

ಅಲರ್ಜಿ ಇದೆ ಅಂತ ಗೊತ್ತಿದ್ದೂ ಔಷಧಿ ಕೊಟ್ಟುಬಿಡುವ ಪ್ರಸಂಗಗಳಲ್ಲಿ ಎಷ್ಟೋ ಹೆಸರಿನಿಂದಲೇ ಆಗುತ್ತವೆ. ಪಿಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್ ಪೆನಿಸಿಲಿನ್ ಗುಂಪಿನದೇ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಕೂಡ ಪೆನಿಸಿಲಿನ್. ಕ್ಲಾಕ್ಸಸಿಲಿನ್, ಆಂಪಿಸಿಲಿನ್ ಕೂಡ. ಡಬ್ಬಿಯ ಮೇಲೆ ಕಂಪನಿ ಇಟ್ಟ ಹೆಸರು ದೊಡ್ಡದಾಗಿ, ಔಷಧಿಯ ಹೆಸರು ಚಿಕ್ಕದಾಗಿ ಇರಬಹುದು. ಔಷಧಿಯ ಹೆಸರನ್ನೇ ಓದಿ. ಸೆಫಲೋಸ್ಪೋರಿನ್‌ಗಳ ವಿಷಯದಲ್ಲಿ ಪೆನಿಸಿಲಿನ್ ಅಲರ್ಜಿ ಇದ್ದವರಿಗೂ ರಿಯಾಕ್ಷನ್ ಆಗುವ ಸಂಭವ ಹಿಂದೆ ಹೇಳುತ್ತಿದ್ದುದಕ್ಕಿಂತ ತುಂಬಾ ಕಡಿಮೆ ಅಂತ ಈಗ ಗೊತ್ತಾಗಿದೆ. ಆದರೂ ಹಿಂದೆ ಉಸಿರು ಕಟ್ಟಿದ್ದವರು, ಬಿಪಿ ಬಿದ್ದಿದ್ದವರು ಆದರೆ ಡಾಕ್ಟರ್ ಬಾಯಿಂದ ಇನ್ನೊಮ್ಮೆ ಕೇಳಿ ಖಚಿತ ಮಾಡಿಕೊಳ್ಳದೆ ಕೊಡಬೇಡಿ.

ಟೆಸ್ಟ್ ಡೋಸ್ ಕೊಟ್ಟೆವು, ಏನೂ ಆಗಲಿಲ್ಲ, ಇನ್ನು ಭಯವಿಲ್ಲ ಅನ್ನುವ ನಂಬಿಕೆಯನ್ನು ದಯವಿಟ್ಟು ಬಿಡಿ. ಚರ್ಮದೊಳಗೆ ಕೊಟ್ಟ ಆ ಹನಿಗೆ ಏನೂ ಆಗದಿದ್ದವರಿಗೂ ಪೂರ್ತಿ ಡೋಸ್‌ಗೆ ಅನಾಫಿಲ್ಯಾಕ್ಸಿಸ್ (ಉಸಿರು ಕಟ್ಟಿ, ಬಿಪಿ ಬಿದ್ದು ಜೀವಕ್ಕೇ ಅಪಾಯವಾಗುವ ಅಲರ್ಜಿ) ಆಗಬಹುದು.

ಕೊಡುವುದಕ್ಕೆ ಮುಂಚೆ

ಕಲ್ಚರ್ (ರೋಗಾಣು ಯಾವುದು ಅಂತ ಬೆಳೆಸಿ ನೋಡುವ ಪರೀಕ್ಷೆ) ಕಳಿಸಬೇಕು ಅಂತ ಬರೆದಿದ್ದರೆ ಅದು ಮೊದಲು, ಔಷಧಿ ಆಮೇಲೆ. ಒಂದು ಡೋಸ್ ಒಳಗೆ ಹೋದ ಮೇಲೆ ತೆಗೆದ ರಕ್ತದಲ್ಲಿ ರೋಗಾಣು ಬೆಳೆಯದೇ ಹೋಗಬಹುದು, ಆಮೇಲೆ ಇಡೀ ಚಿಕಿತ್ಸೆಯೇ ಊಹೆಯ ಮೇಲೆ ನಡೆಯುತ್ತದೆ. ಬ್ಲಡ್ ಕಲ್ಚರ್ ಆದರೆ ದೊಡ್ಡವರಲ್ಲಿ ಎರಡು ಬೇರೆ ಜಾಗದಿಂದ, ಒಂದೊಂದು ಬಾಟಲಿಗೆ 8ರಿಂದ 10 ಮಿಲಿ. ಚರ್ಮ ಒರೆಸಿದ ಮೇಲೆ ಒಣಗಲು ಬಿಡಿ. ಹಳೆಯ ಕ್ಯಾನುಲಾದಿಂದ (ನರದಲ್ಲಿ ಮೊದಲೇ ಹಾಕಿಟ್ಟ ಸಣ್ಣ ಕೊಳವೆಯಿಂದ) ಎಳೆಯಬೇಡಿ. ಆದರೆ ಸೋಂಕಿನಿಂದ ಬಿಪಿ ಬಿದ್ದುಹೋದ, ಅಂದರೆ ಸೆಪ್ಟಿಕ್ ಶಾಕ್‌ನಲ್ಲಿರುವ ಪೇಷೆಂಟ್‌ಗೆ ಮೊದಲ ಡೋಸ್ ಒಂದು ಗಂಟೆಯೊಳಗೆ ಹೋಗಲೇಬೇಕು. ನರ ಸಿಗುತ್ತಿಲ್ಲ ಅಂತ ಕಲ್ಚರ್‌ಗಾಗಿ ಕಾದು ಕೂರುವಂತಿಲ್ಲ. ಆಗ ಡಾಕ್ಟರ್‌ಗೆ ಹೇಳಿ ಔಷಧಿ ಶುರು ಮಾಡಿಸಿ. ಸ್ಟ್ಯಾಟ್ (ತಕ್ಷಣ ಕೊಡಬೇಕು) ಅಂತ ಬರೆದ ಡೋಸ್ ಫಾರ್ಮಸಿಯಿಂದ ಬರುವುದು ತಡವಾದರೆ ಫೋನ್ ಮಾಡಿ ತರಿಸಿಕೊಳ್ಳುವುದೂ ನರ್ಸಿಂಗ್ ಕೆಲಸವೇ.

ಕಿಡ್ನಿ ರಿಪೋರ್ಟ್ ನೋಡಿ. ಬಹಳಷ್ಟು ಆ್ಯಂಟಿಬಯಾಟಿಕ್ ಮೂತ್ರದ ಮೂಲಕವೇ ಹೊರಗೆ ಹೋಗುತ್ತವೆ. ನಿನ್ನೆ 1 ಇದ್ದ ಕ್ರಿಯಾಟಿನಿನ್ ಇವತ್ತು 2 ಆಗಿದ್ದರೆ ನಿನ್ನೆಯ ಡೋಸ್ ಇವತ್ತಿಗೆ ಸರಿಯಾಗಿರಬೇಕಂತಿಲ್ಲ, ಕೇಳಿ. ಮಕ್ಕಳಲ್ಲಿ ಡೋಸ್ ನಿಂತಿರುವುದೇ ತೂಕದ ಮೇಲೆ, ಆದ್ದರಿಂದ ಅಂದಾಜಿನ ತೂಕ ಬೇಡ, ತೂಗಿ ನೋಡಿ. ಬಸುರಿಯಾ, ಮಗುವಿಗೆ ಹಾಲು ಕೊಡುತ್ತಿದ್ದಾರಾ ಅಂತ ಕೇಳಿ ಬರೆದಿಡಿ.

ಇನ್ನು ಬೇರೆ ಔಷಧಿಗಳ ಪಟ್ಟಿ. ಕೆಲವು ಜೋಡಿಗಳನ್ನು ಬಾಯಿಪಾಠ ಮಾಡಿಕೊಂಡಿರಿ. ರಕ್ತ ಹೆಪ್ಪುಗಟ್ಟದಿರಲಿ ಅಂತ ವಾರ್ಫರಿನ್ ತಗೊಳ್ಳುವವರಿಗೆ ಮೆಟ್ರೊನಿಡಜೋಲ್, ಕೋಟ್ರೈಮಾಕ್ಸಜೋಲ್ ಅಥವಾ ಸಿಪ್ರೊಫ್ಲಾಕ್ಸಸಿನ್ ಸೇರಿದರೆ ಐಎನ್‌ಆರ್ ಏರುತ್ತದೆ, ಅಂದರೆ ರಕ್ತ ಹೆಪ್ಪುಗಟ್ಟುವುದು ಇನ್ನೂ ತಡವಾಗುತ್ತದೆ. ವಸಡಿನಲ್ಲಿ ರಕ್ತ, ಮೈಮೇಲೆ ನೀಲಿ ಕಲೆ, ಕಪ್ಪು ಮಲ ಇದೆಯಾ ನೋಡಿ. ಫಿಟ್ಸ್‌ಗೆ ವಾಲ್‌ಪ್ರೊಯೇಟ್ ತಗೊಳ್ಳುವವರಿಗೆ ಮೆರೊಪೆನಮ್ ಕೊಟ್ಟರೆ ರಕ್ತದಲ್ಲಿ ವಾಲ್‌ಪ್ರೊಯೇಟ್ ಮಟ್ಟ ಸರ್ರನೆ ಇಳಿದು ಫಿಟ್ಸ್ ಮತ್ತೆ ಬರಬಹುದು. ಖಿನ್ನತೆಗೆ ಮಾತ್ರೆ ತಗೊಳ್ಳುವವರಿಗೆ ಲಿನೆಜೊಲಿಡ್ ಶುರುವಾದರೆ ನಡುಕ, ಬೆವರು, ಚಡಪಡಿಕೆ, ಜ್ವರ ಕಾಣಿಸಿಕೊಳ್ಳಬಹುದು. ಅಜಿತ್ರೊಮೈಸಿನ್, ಲಿವೊಫ್ಲಾಕ್ಸಸಿನ್ ಥರದವು ಹೃದಯದ ಬಡಿತದ ಲಯ ಕೆಡಿಸಬಲ್ಲವು. ಪೊಟ್ಯಾಸಿಯಂ ಕಡಿಮೆ ಇದ್ದವರಿಗೆ, ಇಸಿಜಿಯಲ್ಲಿ ಕ್ಯೂಟಿ (ಹೃದಯ ಒಮ್ಮೆ ಬಡಿದು ಮತ್ತೆ ಸಿದ್ಧವಾಗುವವರೆಗಿನ ಸಮಯ) ಉದ್ದ ಇದ್ದವರಿಗೆ ಇದು ಇನ್ನೂ ಅಪಾಯ. ಇವನ್ನು ಡಾಕ್ಟರ್ ಗಮನಿಸಿಯೇ ಬರೆದಿರಬಹುದು. ಆದರೆ ಮನೆಯ ಮಾತ್ರೆಗಳ ಪಟ್ಟಿ ಅವರ ಕೈಗೆ ಸೇರಿಲ್ಲದೇ ಇರಬಹುದು, ಆ ಪಟ್ಟಿ ನಿಮ್ಮ ಹತ್ತಿರ ಇರುತ್ತದೆ ಅಲ್ವಾ.

ಕಲಸುವುದು, ಹಾಕುವುದು

ಸೆಫೋಟ್ಯಾಕ್ಸಿಮ್, ಸೆಫ್ಟ್ರಿಯಾಕ್ಸೋನ್, ಸೆಫ್ಟಾಜಿಡಿಮ್. ಮೂರೂ ಬಿಳಿ ಪುಡಿ ಅಥವಾ ಅದಕ್ಕೆ ಹತ್ತಿರದ ಬಣ್ಣ, ಮೂರೂ ಚಿಕ್ಕ ಬಾಟಲಿ, ಹೆಸರೂ ಅಕ್ಕತಂಗಿಯರ ಹಾಗೆ. ರಾತ್ರಿ ಡ್ಯೂಟಿಯಲ್ಲಿ ಕಣ್ಣು ಎಳೆಯುತ್ತಿರುವಾಗ ಇದನ್ನು ಟ್ರೇಯಲ್ಲಿ ನೋಡಿದರೆ ತಪ್ಪಾಗುವುದು ಸುಲಭ. ಹೆಸರನ್ನು ಚಾರ್ಟ್ ಪಕ್ಕದಲ್ಲಿ ಹಿಡಿದು ಅಕ್ಷರ ಅಕ್ಷರ ಓದಿ. ಕಲಸಿದ ಮೇಲೆ ಸಿರಿಂಜ್‌ಗೆ ತಕ್ಷಣ ಲೇಬಲ್ ಹಚ್ಚಿ: ಪೇಷೆಂಟ್ ಹೆಸರು, ಔಷಧಿ, ಡೋಸ್, ಕಲಸಿದ ಸಮಯ. ಲೇಬಲ್ ಇಲ್ಲದ ಸಿರಿಂಜ್ ಯಾರ ಕೈಯಲ್ಲಿದ್ದರೂ ಅದನ್ನು ಬಿಸಾಡುವುದೇ ಸರಿ.

ಕಲಸುವ ದ್ರವವೂ ಮುಖ್ಯ. ಸೆಫ್ಟ್ರಿಯಾಕ್ಸೋನ್ ಅನ್ನು ಸ್ನಾಯುವಿಗೆ ಕೊಡುವಾಗ ನೋವು ಕಡಿಮೆಯಾಗಲಿ ಅಂತ ಲಿಗ್ನೊಕೇನ್‌ನಲ್ಲಿ ಕಲಸುತ್ತಾರೆ. ಹಾಗೆ ಕಲಸಿದ್ದನ್ನು ಯಾವ ಕಾರಣಕ್ಕೂ ನರಕ್ಕೆ ಕೊಡಬಾರದು. ಅದೇ ಸೆಫ್ಟ್ರಿಯಾಕ್ಸೋನ್ ಕ್ಯಾಲ್ಸಿಯಂ ಜೊತೆ ಸೇರಿದರೆ ಹರಳುಗಟ್ಟುತ್ತದೆ. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇದೆ, ಹಾಗಾಗಿ ಅದು ಓಡುತ್ತಿರುವ ಲೈನಿನಲ್ಲಿ ಹಾಕಬೇಡಿ. ದೊಡ್ಡವರಲ್ಲಿ ಒಂದನ್ನು ನಿಲ್ಲಿಸಿ, ಲೈನ್ ಚೆನ್ನಾಗಿ ಫ್ಲಶ್ ಮಾಡಿ, ಆಮೇಲೆ ಇನ್ನೊಂದನ್ನು ಕೊಡಬಹುದು. 28 ದಿನದೊಳಗಿನ ಕೂಸಿಗೆ ಕ್ಯಾಲ್ಸಿಯಂ ಇರುವ ಡ್ರಿಪ್ ಹೋಗುತ್ತಿದ್ದರೆ ಸೆಫ್ಟ್ರಿಯಾಕ್ಸೋನ್ ಕೊಡಲೇಬಾರದು. ಕೂಸಿನ ಶ್ವಾಸಕೋಶ, ಕಿಡ್ನಿಯಲ್ಲಿ ಹರಳು ಕೂತು ಸಾವಾದ ಉದಾಹರಣೆಗಳಿವೆ. ಜೆಂಟಾಮೈಸಿನ್, ಅಮಿಕಾಸಿನ್ ಅನ್ನು ಪೆನಿಸಿಲಿನ್ ಗುಂಪಿನ ಔಷಧಿಯ ಜೊತೆ ಒಂದೇ ಸಿರಿಂಜ್‌ನಲ್ಲಿ ಬೆರೆಸಬೇಡಿ, ಬಲ ಕಳೆದುಕೊಳ್ಳುತ್ತವೆ.

ಬೆಂಜಥೀನ್ ಪೆನಿಸಿಲಿನ್ ಬಗ್ಗೆ ಒಂದೇ ಮಾತು: ಅದು ಸ್ನಾಯುವಿನ ಆಳಕ್ಕೆ ಮಾತ್ರ. ನರಕ್ಕೆ ಹೋದರೆ ಹೃದಯ ನಿಲ್ಲಬಹುದು. ಹಾಲಿನಂತೆ ಬೆಳ್ಳಗೆ, ಗಟ್ಟಿಯಾಗಿರುತ್ತದೆ. ದಪ್ಪ ಸೂಜಿ ತಗೊಳ್ಳಿ, ಹಿಂದಕ್ಕೆ ಎಳೆದು ರಕ್ತ ಬರುತ್ತಿಲ್ಲ ಅಂತ ನೋಡಿ, ನಿಧಾನಕ್ಕೆ ಒಂದೇ ಸಮನೆ ಒತ್ತಿ.

ವೇಗದ ವಿಷಯಕ್ಕೆ ಬಂದರೆ ವ್ಯಾಂಕೊಮೈಸಿನ್ ಅನ್ನು ನೆನಪಿಡಿ. ನಿಮಿಷಕ್ಕೆ 10 ಮಿಲಿಗ್ರಾಂ ಮೀರಬಾರದು, ಅಂದರೆ 1 ಗ್ರಾಂ ಡೋಸ್ ಕನಿಷ್ಠ 100 ನಿಮಿಷ ಓಡಬೇಕು. ಬೇಗ ಓಡಿಸಿದರೆ ಮುಖ, ಕತ್ತು, ಎದೆಯ ಮೇಲ್ಭಾಗ ಕೆಂಪಾಗಿ ತುರಿಸಲು ಶುರುವಾಗುತ್ತದೆ. ಇದು ಔಷಧಿ ವೇಗವಾಗಿ ಹೋಗಿದ್ದಕ್ಕೆ ಆಗುವ ರಿಯಾಕ್ಷನ್, ನಿಜವಾದ ಅಲರ್ಜಿ ಅಲ್ಲ. ಡ್ರಿಪ್ ನಿಲ್ಲಿಸಿ ಡಾಕ್ಟರ್‌ಗೆ ತಿಳಿಸಿ. ಸಾಮಾನ್ಯವಾಗಿ ತುರಿಕೆ ತಗ್ಗಿದ ಮೇಲೆ ಅರ್ಧ ವೇಗದಲ್ಲಿ ಮತ್ತೆ ಶುರು ಮಾಡಲು ಹೇಳುತ್ತಾರೆ. ಚಾರ್ಟ್‌ನಲ್ಲಿ "ವ್ಯಾಂಕೊಮೈಸಿನ್ ಅಲರ್ಜಿ" ಅಂತ ಬರೆಯಬೇಡಿ, ಎಷ್ಟು ವೇಗದಲ್ಲಿ ಕೊಟ್ಟಾಗ ಏನಾಯಿತು ಅಂತ ಬರೆಯಿರಿ. ಆದರೆ ಬಿಪಿ ಬಿದ್ದರೆ, ಉಸಿರಾಟಕ್ಕೆ ಕಷ್ಟವಾದರೆ ಆ ಲೆಕ್ಕಾಚಾರ ಬೇಡ, ಅನಾಫಿಲ್ಯಾಕ್ಸಿಸ್ ಅಂದುಕೊಂಡೇ ಮುಂದುವರಿಯಿರಿ.

ಇನ್ನೊಂದು ಸಣ್ಣ ವಿಷಯವನ್ನು ಬಹಳ ಕಡೆ ಮರೆಯುತ್ತಾರೆ. 100 ಮಿಲಿ ಸಲೈನ್‌ನಲ್ಲಿ ಔಷಧಿ ಹಾಕಿ ಓಡಿಸುತ್ತೇವೆ, ಬಾಟಲಿ ಖಾಲಿಯಾದ ತಕ್ಷಣ ಸೆಟ್ ತೆಗೆದು ಬಿಸಾಡುತ್ತೇವೆ. ಆದರೆ ಆ ಪೈಪಿನೊಳಗೆ ಸುಮಾರು 20 ಮಿಲಿ ಉಳಿದಿರಬಹುದು. ಅಂದರೆ ಡೋಸ್‌ನ ಐದನೇ ಒಂದು ಭಾಗ ಕಸದ ಬುಟ್ಟಿಗೆ ಹೋಯಿತು! ಪ್ರತಿ ಡೋಸ್‌ಗೂ ಹೀಗೇ ಆದರೆ ಪೇಷೆಂಟ್‌ಗೆ ಬರೆದಷ್ಟು ಔಷಧಿ ಯಾವತ್ತೂ ಸಿಗುವುದಿಲ್ಲ. ಬಾಟಲಿ ಖಾಲಿಯಾದ ಮೇಲೆ ಅದೇ ಸೆಟ್‌ನಲ್ಲಿ, ಅದೇ ವೇಗದಲ್ಲಿ ಸ್ವಲ್ಪ ಸಲೈನ್ ಓಡಿಸಿ ಪೈಪಿನಲ್ಲಿರುವುದನ್ನು ಒಳಗೆ ಕಳಿಸಿ. ಹೃದಯ, ಕಿಡ್ನಿ ತೊಂದರೆಯಿಂದ ನೀರಿನ ಮಿತಿ ಇದ್ದವರಿಗೆ ಈ ಸಲೈನನ್ನೂ ಲೆಕ್ಕಕ್ಕೆ ಸೇರಿಸಿ.

ಕ್ಯಾನುಲಾ ಮುಟ್ಟುವ ಮುಂಚೆ ಕೈ ತೊಳೆಯುವುದು, ಹಬ್ (ಕ್ಯಾನುಲಾದ ಬಾಯಿ) ಅನ್ನು ಸ್ಪಿರಿಟ್ ಸ್ವ್ಯಾಬ್‌ನಿಂದ 15 ಸೆಕೆಂಡ್ ತಿಕ್ಕಿ ಒಣಗಲು ಬಿಡುವುದು, ಮೊದಲು ಸಲೈನ್ ಫ್ಲಶ್ ಮಾಡಿ ನರ ಸರಿ ಇದೆಯಾ ನೋಡುವುದು, ಇವೆಲ್ಲ ನಿಮಗೆ ಗೊತ್ತಿರುವುದೇ. ಸೋಂಕು ವಾಸಿ ಮಾಡಲು ಕೊಡುವ ಔಷಧಿಯ ಜೊತೆಗೇ ಹೊಸ ಸೋಂಕು ಒಳಗೆ ಹೋಗಬಾರದು. ಕ್ಲಾಕ್ಸಸಿಲಿನ್, ವ್ಯಾಂಕೊಮೈಸಿನ್ ನರವನ್ನು ಬೇಗ ಕೆಡಿಸುತ್ತವೆ. ಉರಿ ಅಂದರೆ "ಸ್ವಲ್ಪ ತಡೆದುಕೊಳ್ಳಿ" ಅನ್ನಬೇಡಿ, ನಿಲ್ಲಿಸಿ ನೋಡಿ. ಕೆಂಪಗೆ, ಗಟ್ಟಿಯಾಗಿ, ಊದಿಕೊಂಡಿದ್ದರೆ ಕ್ಯಾನುಲಾ ಬದಲಿಸಿ.

ಸಮಯದ ಬಗ್ಗೆ: 8 ಗಂಟೆಗೊಮ್ಮೆ ಅಂದರೆ 8 ಗಂಟೆಗೊಮ್ಮೆಯೇ. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಂತ ನಮಗೆ ಅನುಕೂಲವಾದಾಗ ಕೊಟ್ಟರೆ ರಾತ್ರಿಯಿಡೀ ರಕ್ತದಲ್ಲಿ ಔಷಧಿ ಇಳಿದುಹೋಗಿರುತ್ತದೆ. ಪೆನಿಸಿಲಿನ್, ಸೆಫಲೋಸ್ಪೋರಿನ್, ಮೆರೊಪೆನಮ್ ಕೆಲಸ ಮಾಡುವುದೇ ರಕ್ತದಲ್ಲಿ ಅವುಗಳ ಮಟ್ಟ ಸಾಕಷ್ಟು ಹೊತ್ತು ಉಳಿದಾಗ. ಮೆರೊಪೆನಮ್ ಅನ್ನು 3 ಗಂಟೆ, ಪಿಪೆರಾಸಿಲಿನ್-ಟ್ಯಾಜೋಬ್ಯಾಕ್ಟಮ್ ಅನ್ನು 4 ಗಂಟೆ ಓಡಿಸಲು ಕೆಲವೊಮ್ಮೆ ಹೇಳುವುದು ಇದೇ ಕಾರಣಕ್ಕೆ. ಬೇಗ ಮುಗಿಸೋಣ ಅಂತ ರೋಲರ್ ತಿರುಗಿಸಬೇಡಿ. ಸ್ಕ್ಯಾನ್‌ಗೆ ಹೋಗಿ ಬರುವಷ್ಟರಲ್ಲಿ ಡೋಸ್ ತಪ್ಪಿದ್ದರೆ ಹ್ಯಾಂಡೋವರ್‌ನಲ್ಲಿ ಬಾಯಿಬಿಟ್ಟು ಹೇಳಿ, ಚಾರ್ಟ್‌ನಲ್ಲಿ ಬರೆಯಿರಿ.

ಮೊದಲ ಅರ್ಧ ಗಂಟೆ

ನರಕ್ಕೆ ಕೊಟ್ಟ ಔಷಧಿಗೆ ಅನಾಫಿಲ್ಯಾಕ್ಸಿಸ್ ಆಗುವುದಾದರೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಆಗುತ್ತದೆ. ಮಾತ್ರೆಗೆ ಸ್ವಲ್ಪ ತಡ. ಹಾಗಾಗಿ ಹೊಸ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಹಾಕಿ ಹೊರಟುಬಿಡಬೇಡಿ. ಮೊದಲ ಕೆಲವು ನಿಮಿಷ ಪಕ್ಕದಲ್ಲೇ ಇರಿ, ಏನಾದರೂ ಕೆಲಸ ಮಾಡುತ್ತಾ ಮಾತಾಡಿಸುತ್ತಾ ಇರಿ. 15 ನಿಮಿಷ ಆದಾಗ ಒಂದು ಸಲ, ಅರ್ಧ ಗಂಟೆ ಆದಾಗ ಇನ್ನೊಂದು ಸಲ ಬಂದು ನೋಡಿ. ತುರಿಕೆ, ಗಂಟಲು ಬಿಗಿದಂತೆ ಆಗುವುದು, ಎದೆ ಭಾರ, ಕಣ್ಣು ಕತ್ತಲೆ ಆದರೆ ಬೆಲ್ ಒತ್ತಿ ಅಂತ ಪೇಷೆಂಟ್‌ಗೂ ಜೊತೆಯವರಿಗೂ ಹೇಳಿ, ಬೆಲ್ ಕೈಗೆ ಸಿಗುವ ಹಾಗೆ ಇಡಿ.

ಅನಾಫಿಲ್ಯಾಕ್ಸಿಸ್ ಆದಾಗ ಕೈಗೆ ಮೊದಲು ಬರಬೇಕಾದ ಔಷಧಿ ಅಡ್ರಿನಾಲಿನ್. ಅಲರ್ಜಿಯ ಇಂಜೆಕ್ಷನ್, ಹೈಡ್ರೊಕಾರ್ಟಿಸೋನ್ ಆಮೇಲೆ ಬರುವವು, ಅವುಗಳಿಗಾಗಿ ಅಡ್ರಿನಾಲಿನ್ ತಡ ಮಾಡುವುದೇ ಜೀವಕ್ಕೆ ಎರವಾಗುತ್ತದೆ. ದೊಡ್ಡವರಿಗೆ 0.5 ಮಿಲಿಗ್ರಾಂ, ಅಂದರೆ 1 ಮಿಲಿಯಲ್ಲಿ 1 ಮಿಲಿಗ್ರಾಂ ಇರುವ ಆಂಪ್ಯೂಲ್‌ನಿಂದ 0.5 ಮಿಲಿ, ತೊಡೆಯ ಹೊರಭಾಗದ ಮಧ್ಯಕ್ಕೆ, ಸ್ನಾಯುವಿಗೆ. ಮಕ್ಕಳಿಗೆ ಕಿಲೋಗೆ 0.01 ಮಿಲಿಗ್ರಾಂ. 5 ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಂದು. ನರಕ್ಕೆ ಅಡ್ರಿನಾಲಿನ್ ಕೊಡುವುದು ಅದರ ಅನುಭವ ಇರುವ ಡಾಕ್ಟರ್‌ಗೆ ಮಾತ್ರ ಬಿಟ್ಟದ್ದು.

ಆ ಹೊತ್ತಿನ ಕ್ರಮ ಹೀಗೆ. ಡ್ರಿಪ್ ನಿಲ್ಲಿಸಿ, ಕ್ಯಾನುಲಾ ಮಾತ್ರ ತೆಗೆಯಬೇಡಿ. ಕೂಗಿ ಸಹಾಯ ಕರೆಯಿರಿ. ಅಡ್ರಿನಾಲಿನ್ ಕೊಡಿ. ಮಲಗಿಸಿ ಕಾಲು ಎತ್ತಿಡಿ. ಉಸಿರಾಟದ ಕಷ್ಟವೇ ಜಾಸ್ತಿ ಇದ್ದರೆ ಒರಗಿ ಕೂರಲು ಬಿಡಿ. ಬಸುರಿಯಾದರೆ ಎಡಕ್ಕೆ ವಾಲಿಸಿ ಮಲಗಿಸಿ. ಆಕ್ಸಿಜನ್ ಹಾಕಿ, ಬಿಪಿ, ನಾಡಿ, ಎಸ್‌ಪಿಒ2 ನೋಡುತ್ತಿರಿ, ಔಷಧಿ ಇದ್ದ ಸೆಟ್ ತೆಗೆದು ಹೊಸ ಸೆಟ್‌ನಲ್ಲಿ ಸಲೈನ್ ಓಡಿಸಲು ಸಿದ್ಧ ಮಾಡಿ. ಸ್ವಲ್ಪ ಚೇತರಿಸಿಕೊಂಡರು ಅಂತ ಎಬ್ಬಿಸಿ ನಡೆಸಬೇಡಿ, ಬಾತ್‌ರೂಮಿಗೂ ಬೇಡ. ಎದ್ದು ನಿಂತಾಗಲೇ ರಕ್ತದೊತ್ತಡ ಬಿದ್ದು ಹೃದಯ ನಿಂತವರಿದ್ದಾರೆ. ಕೆಲವು ಗಂಟೆಗಳ ನಂತರ ರಿಯಾಕ್ಷನ್ ಎರಡನೇ ಸಲ ಬರಬಹುದು, ಆದ್ದರಿಂದ ನಿಗಾ ಮುಂದುವರಿಯಲಿ. ಒಂದು ವಿಷಯ ಗಟ್ಟಿಯಾಗಿ ಹೇಳಬೇಕು: ಗಂಧೆ ಇಲ್ಲ, ಮೈ ಕೆಂಪಾಗಿಲ್ಲ, ಹಾಗಾಗಿ ಅನಾಫಿಲ್ಯಾಕ್ಸಿಸ್ ಅಲ್ಲ ಅನ್ನುವಂತಿಲ್ಲ. ಚರ್ಮದಲ್ಲಿ ಏನೂ ಕಾಣದೆ ಬಿಪಿ ಮಾತ್ರ ಬೀಳುವುದೂ ಉಂಟು.

ಅಡ್ರಿನಾಲಿನ್ ಎಲ್ಲಿದೆ, ಎಕ್ಸ್‌ಪೈರಿ ಯಾವಾಗ ಅನ್ನುವುದನ್ನು ಡ್ಯೂಟಿಗೆ ಬಂದ ತಕ್ಷಣ ನೋಡಿಕೊಳ್ಳಿ. ಬೇಕಾದಾಗ ಹುಡುಕುವುದಕ್ಕೆ ಸಮಯ ಇರುವುದಿಲ್ಲ.

ಮುಂದಿನ ದಿನಗಳು

ಜೆಂಟಾಮೈಸಿನ್, ಅಮಿಕಾಸಿನ್ ಕಿಡ್ನಿಗೂ ಕಿವಿಗೂ ಪೆಟ್ಟು ಕೊಡಬಲ್ಲವು. ಕಿಡ್ನಿಗೆ ಆದ ಪೆಟ್ಟು ಎಷ್ಟೋ ಸಲ ಸರಿಹೋಗುತ್ತದೆ, ಕಿವಿಯದು ಸಾಮಾನ್ಯವಾಗಿ ಹೋಗುವುದಿಲ್ಲ. ಅದಕ್ಕೇ ದಿನಾ ಕೇಳಿ: ಕಿವಿಯಲ್ಲಿ ಗುಂಯ್ ಅನ್ನುತ್ತಿದೆಯಾ? ಮಾತು ಸರಿಯಾಗಿ ಕೇಳಿಸುತ್ತಿಲ್ವಾ? ನಡೆಯುವಾಗ ವಾಲಿದಂತೆ ಆಗುತ್ತಿದೆಯಾ? ವಯಸ್ಸಾದವರು "ನನಗೆ ಮೊದಲೇ ಕಿವಿ ಮಂದ" ಅಂದು ಸುಮ್ಮನಾಗುತ್ತಾರೆ, ನೆನ್ನೆಗಿಂತ ಮಂದವಾಗಿದೆಯಾ ಅಂತ ಮನೆಯವರನ್ನು ಕೇಳಿ. ಮೂತ್ರದ ಲೆಕ್ಕ ಸರಿಯಾಗಿ ಇಡಿ. ಕ್ರಿಯಾಟಿನಿನ್ ಏರುವುದು ತಡವಾಗಿ, ಮೂತ್ರ ಕಡಿಮೆಯಾಗುವುದು ಅದಕ್ಕಿಂತ ಮುಂಚೆಯೇ ಕಾಣಬಹುದು. ಗಂಟೆಗೆ ಕಿಲೋಗೆ 0.5 ಮಿಲಿಗಿಂತ ಕೆಳಗೆ ಬಂದರೆ ತಿಳಿಸಿ. ಕೊಲಿಸ್ಟಿನ್, ವ್ಯಾಂಕೊಮೈಸಿನ್‌ಗೂ ಇದೇ ಮಾತು. ರಕ್ತದಲ್ಲಿ ಔಷಧಿಯ ಮಟ್ಟ ನೋಡಲು ಟ್ರಫ್ ಸ್ಯಾಂಪಲ್ (ಔಷಧಿಯ ಮಟ್ಟ ಅತಿ ಕಡಿಮೆ ಇರುವಾಗ ತೆಗೆಯುವ ರಕ್ತ) ಬರೆದಿದ್ದರೆ ಅದನ್ನು ಮುಂದಿನ ಡೋಸ್‌ಗೆ ಸ್ವಲ್ಪ ಮುಂಚೆ ತೆಗೆಯಬೇಕು, ಔಷಧಿ ಓಡಿದ ಲೈನಿನಿಂದ ತೆಗೆಯಬಾರದು. ತೆಗೆದ ಸಮಯ, ಹಿಂದಿನ ಡೋಸ್‌ನ ಸಮಯ ಎರಡನ್ನೂ ನಿಜವಾದದ್ದನ್ನೇ ಬರೆಯಿರಿ. ಚಾರ್ಟ್‌ನಲ್ಲಿ ಇರಬೇಕಾದ ಸಮಯ ಬರೆದರೆ ಆ ರಿಪೋರ್ಟ್ ಇಟ್ಟುಕೊಂಡು ಡಾಕ್ಟರ್ ತಪ್ಪು ಡೋಸ್ ಬರೆಯುತ್ತಾರೆ.

ಲಿನೆಜೊಲಿಡ್ ಎರಡು ವಾರ ದಾಟಿದರೆ ಪ್ಲೇಟ್‌ಲೆಟ್ ಇಳಿಯಬಹುದು, ವಾರಕ್ಕೊಮ್ಮೆ ರಕ್ತ ಪರೀಕ್ಷೆ ಆಗುತ್ತಿದೆಯಾ ನೋಡಿ.

ಲೂಸ್ ಮೋಷನ್ ಅನ್ನು ಹಗುರವಾಗಿ ತಗೊಳ್ಳಬೇಡಿ. ಆ್ಯಂಟಿಬಯಾಟಿಕ್ ತಗೊಂಡವರಿಗೆ ಹೊಟ್ಟೆ ಸ್ವಲ್ಪ ಕೆಡುವುದು ಸಹಜ, ಹೆಚ್ಚಿನದು ತಾನಾಗೇ ಹೋಗುತ್ತದೆ. ಆದರೆ 24 ಗಂಟೆಯಲ್ಲಿ ಮೂರು ಅಥವಾ ಅದಕ್ಕಿಂತ ಜಾಸ್ತಿ ಸಲ ನೀರಾಗಿ ಹೋದರೆ, ಜೊತೆಗೆ ಹೊಟ್ಟೆನೋವು, ಜ್ವರ ಇದ್ದರೆ ಸಿ. ಡಿಫಿಸಿಲ್ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಕರುಳಿನಲ್ಲಿರುವ ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಇದು ಬೆಳೆದು ವಿಷ ಬಿಡುತ್ತದೆ. ಡಾಕ್ಟರ್‌ಗೆ ತಿಳಿಸಿ ಮಲ ಪರೀಕ್ಷೆಗೆ ಕಳಿಸಿ. ಮೋಷನ್ ನಿಲ್ಲಿಸುವ ಲೋಪೆರಮೈಡ್ ಥರದ ಮಾತ್ರೆಯನ್ನು ಕೇಳದೆ ಕೊಡಬೇಡಿ. ಕೈಗೆ ಸ್ಯಾನಿಟೈಸರ್ ಸಾಲದು, ಇದರ ಬೀಜಕಗಳು ಆಲ್ಕೋಹಾಲ್‌ಗೆ ಸಾಯುವುದಿಲ್ಲ. ಸೋಪು, ನೀರು ಹಾಕಿ ಉಜ್ಜಿ ತೊಳೆದುಕೊಳ್ಳಿ. ಗ್ಲೌಸ್, ಗೌನ್ ಹಾಕಿ, ಸಾಧ್ಯವಾದರೆ ಬೇರೆ ಕೋಣೆಯಲ್ಲಿ ಇರಿಸಿ, ಮುಟ್ಟುವ ಜಾಗಗಳನ್ನು ಕ್ಲೋರಿನ್ ಇರುವ ದ್ರಾವಣದಿಂದ ಒರೆಸಿಸಿ. ಎಷ್ಟು ಸಲ, ಎಷ್ಟು ನೀರಾಗಿ ಅಂತ ಬರೆದಿಡಿ, ಬಾಯಿ ಒಣಗುತ್ತಿದೆಯಾ ನೋಡಿ, ಮೇಲಿಂದ ಮೇಲೆ ಹೋಗುವವರ ಹಿಂಭಾಗದ ಚರ್ಮಕ್ಕೆ ಕ್ರೀಮ್ ಹಚ್ಚಿ. ವಯಸ್ಸಾದವರು ಮುಜುಗರದಿಂದ ಹೇಳದೇ ಇರುತ್ತಾರೆ, ನೀವೇ ಕೇಳಬೇಕು.

ಕೆಲವು ದಿನಗಳ ನಂತರ ಬರುವ ದದ್ದು ಬಹುಪಾಲು ಸಾಧಾರಣದ್ದು. ಆದರೆ ಬಾಯಲ್ಲಿ ಹುಣ್ಣು, ಕಣ್ಣು ಕೆಂಪು, ಚರ್ಮ ಮುಟ್ಟಿದರೆ ನೋವು, ನೀರುಗುಳ್ಳೆ, ಸಿಪ್ಪೆ ಸುಲಿದಂತೆ ಆಗುವುದು ಇವುಗಳಲ್ಲಿ ಒಂದು ಕಂಡರೂ ಮುಂದಿನ ಡೋಸ್ ತಡೆಹಿಡಿದು ತಕ್ಷಣ ಡಾಕ್ಟರ್‌ಗೆ ಹೇಳಿ. ಚರ್ಮವೇ ಸುಲಿದುಹೋಗಿ ಜೀವಕ್ಕೆ ಅಪಾಯ ತರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಶುರುವಾಗುವುದು ಹೀಗೇ. ಕೋಟ್ರೈಮಾಕ್ಸಜೋಲ್ ಇದಕ್ಕೆ ಹೆಸರಾದ ಔಷಧಿ.

ಬಾಯೊಳಗೆ, ನಾಲಿಗೆ ಮೇಲೆ ಬಿಳಿ ಪದರ ಇದೆಯಾ ದಿನಕ್ಕೊಮ್ಮೆ ನೋಡಿ. ಹೆಂಗಸರಿಗೆ ಕೆಳಗೆ ತುರಿಕೆ, ಬಿಳಿ ಹೋಗುವುದು ಇದೆಯಾ ಅಂತ ಮೆಲ್ಲಗೆ ಕೇಳಿ. ಎರಡೂ ಫಂಗಸ್‌ನಿಂದ ಆಗುವವು, ಸುಲಭವಾಗಿ ವಾಸಿಯಾಗುತ್ತವೆ.

48ರಿಂದ 72 ಗಂಟೆ ಆದಾಗ ಒಂದು ಸಲ ನಿಂತು ಯೋಚಿಸಬೇಕು. ಕಲ್ಚರ್ ರಿಪೋರ್ಟ್ ಬಂತಾ? ಜ್ವರ ಇಳಿದಿದೆಯಾ? ಬಾಯಿಂದ ತಿನ್ನುತ್ತಿದ್ದಾರಾ? ಈ ಮೂರನ್ನು ರೌಂಡ್ಸ್‌ನಲ್ಲಿ ನೀವೇ ಎತ್ತಿ ಹೇಳಿ. ಊಟ ಮಾಡುವ, ಜ್ವರ ಇಳಿದ ಪೇಷೆಂಟ್‌ಗೆ ಇಂಜೆಕ್ಷನ್ ಬದಲು ಮಾತ್ರೆ ಸಾಕಾಗಬಹುದು, ಕ್ಯಾನುಲಾ ತೆಗೆಯಬಹುದು. "ಸರ್, ಇವರು ಈಗ ಚೆನ್ನಾಗಿ ತಿನ್ನುತ್ತಿದ್ದಾರೆ, ಮಾತ್ರೆಗೆ ಬದಲಿಸಬಹುದಾ?" ಅಂತ ಕೇಳುವುದಕ್ಕೆ ಹಿಂಜರಿಯಬೇಡಿ. ಬೇಡದ ಆ್ಯಂಟಿಬಯಾಟಿಕ್ ಒಂದು ದಿನ ಜಾಸ್ತಿ ಹೋದರೂ ಅದರಿಂದ ಲಾಭವಾಗುವುದು ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಗೆ. 2019ರ ಒಂದೇ ವರ್ಷದಲ್ಲಿ ಅಂಥ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅನ್ನುವುದು ಸಂಶೋಧಕರ ಅಂದಾಜು.

ಮಾತ್ರೆ, ಸಿರಪ್, ಮನೆ

ಮನೆಗೆ ಕಳಿಸುವಾಗ "ಊಟದ ನಂತರ ತಗೊಳ್ಳಿ" ಅಂತ ಎಲ್ಲದಕ್ಕೂ ಒಂದೇ ಮಾತು ಹೇಳಿದರೆ ತಪ್ಪಾಗುತ್ತದೆ. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಅನ್ನು ಊಟ ಶುರು ಮಾಡುವಾಗ ತಗೊಂಡರೆ ಹೊಟ್ಟೆಗೆ ಹಿತ. ನೈಟ್ರೊಫ್ಯುರಾಂಟಾಯಿನ್ ಕೂಡ ಊಟದ ಜೊತೆಗೆ. ಕ್ಲಾಕ್ಸಸಿಲಿನ್ ಖಾಲಿ ಹೊಟ್ಟೆಗೆ, ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ಆದ ಮೇಲೆ. ಸಿಪ್ರೊಫ್ಲಾಕ್ಸಸಿನ್ ಹಾಲು, ಮೊಸರು, ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ, ಗ್ಯಾಸ್‌ಗೆ ಕುಡಿಯುವ ಆ್ಯಂಟಾಸಿಡ್ ಜೊತೆ ಸೇರಿದರೆ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕಬ್ಬಿಣ, ಆ್ಯಂಟಾಸಿಡ್ ತಗೊಳ್ಳುವವರು ಅದಕ್ಕೆ 2 ಗಂಟೆ ಮುಂಚೆ ಅಥವಾ 6 ಗಂಟೆ ಆದ ಮೇಲೆ ಇದನ್ನು ತಗೊಳ್ಳಲಿ. ಹಿಮ್ಮಡಿಯ ಹಿಂಭಾಗದಲ್ಲಿ ನೋವು, ಊತ ಬಂದರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಲು ಹೇಳಿ. ಸಿಪ್ರೊಫ್ಲಾಕ್ಸಸಿನ್ ಗುಂಪಿನ ಔಷಧಿಗಳಿಂದ ಅಲ್ಲಿನ ಟೆಂಡನ್ (ಸ್ನಾಯುವನ್ನು ಮೂಳೆಗೆ ಕಟ್ಟುವ ಪಟ್ಟಿ) ಹರಿಯುವ ಅಪಾಯವಿದೆ, ವಯಸ್ಸಾದವರಿಗೆ ಮತ್ತು ಸ್ಟೀರಾಯ್ಡ್ ತಗೊಳ್ಳುವವರಿಗೆ ಜಾಸ್ತಿ. ಸಕ್ಕರೆ ಕಾಯಿಲೆಯವರಿಗೆ ಶುಗರ್ ಇಳಿಯಬಹುದು ಅಂತಲೂ ಎಚ್ಚರಿಸಿ.

ಡಾಕ್ಸಿಸೈಕ್ಲಿನ್ ಅನ್ನು ಒಂದು ಗುಟುಕು ನೀರಲ್ಲಿ ನುಂಗಿ ಮಲಗಿದರೆ ಮಾತ್ರೆ ಅನ್ನನಾಳದಲ್ಲೇ ಅಂಟಿಕೊಂಡು ಹುಣ್ಣು ಮಾಡುತ್ತದೆ. ಲೋಟ ತುಂಬ ನೀರು ಕುಡಿಯಬೇಕು, ಅರ್ಧ ಗಂಟೆಯಾದರೂ ಕೂತಿರಬೇಕು ಅಥವಾ ಓಡಾಡಬೇಕು. ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಮೆಟ್ರೊನಿಡಜೋಲ್ ತಗೊಳ್ಳುವಾಗಲೂ ಮುಗಿದ ಮೇಲೆ ಇನ್ನೂ ಎರಡು ಮೂರು ದಿನವೂ ಮದ್ಯ ಬೇಡ. ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ ಆಲ್ಕೋಹಾಲ್ ಇರುತ್ತದೆ. ರಿಫಾಂಪಿಸಿನ್ ತಗೊಂಡರೆ ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ಇದನ್ನು ಮೊದಲೇ ಹೇಳದಿದ್ದರೆ ರಕ್ತ ಹೋಗುತ್ತಿದೆ ಅಂತ ಹೆದರಿ ಮಾತ್ರೆ ಬಿಟ್ಟುಬಿಡುತ್ತಾರೆ. ಗರ್ಭನಿರೋಧಕ ಮಾತ್ರೆಯ ಬಲವನ್ನೂ ರಿಫಾಂಪಿಸಿನ್ ಕಡಿಮೆ ಮಾಡುತ್ತದೆ, ಬೇರೆ ವಿಧಾನ ಬೇಕು.

ಮಕ್ಕಳ ಡ್ರೈ ಸಿರಪ್ ಅನ್ನು ಒಂದು ಸಲ ಎದುರಿಗೇ ಕಲಸಿ ತೋರಿಸಿ. ಮೊದಲು ಬಾಟಲಿ ತಟ್ಟಿ ಪುಡಿ ಸಡಿಲ ಮಾಡಬೇಕು. ಕುದಿಸಿ ಆರಿಸಿದ ನೀರನ್ನು ಗೆರೆಯ ಅರ್ಧದವರೆಗೆ ಹಾಕಿ ಅಲುಗಾಡಿಸಿ, ಆಮೇಲೆ ಗೆರೆಗೆ ಸರಿಯಾಗಿ ತುಂಬಿಸಬೇಕು. ಪ್ರತಿ ಸಲ ಕೊಡುವ ಮುಂಚೆ ಅಲುಗಾಡಿಸಲೇಬೇಕು, ಇಲ್ಲದಿದ್ದರೆ ಮೊದಲ ದಿನ ನೀರು, ಕೊನೆಯ ದಿನ ಔಷಧಿ. ಅಡುಗೆಮನೆಯ ಚಮಚದಲ್ಲಿ ಅಳೆಯಬಾರದು, ಅದರ ಜೊತೆ ಬಂದ ಅಳತೆ ಮುಚ್ಚಳ ಅಥವಾ ಸೂಜಿಯಿಲ್ಲದ ಸಿರಿಂಜ್ ಬೇಕು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ ಫ್ರಿಜ್‌ನಲ್ಲಿಟ್ಟು 7 ದಿನದೊಳಗೆ ಮುಗಿಸಬೇಕು. ಆದರೆ ಕ್ಲಾರಿಥ್ರೊಮೈಸಿನ್ ಸಿರಪ್ ಅನ್ನು ಫ್ರಿಜ್‌ನಲ್ಲಿ ಇಡಬಾರದು. ಕಲಸಿದ ತಾರೀಕನ್ನು ಬಾಟಲಿ ಮೇಲೆ ಬರೆಸಿ.

ಒಂದು ಡೋಸ್ ಮರೆತರೆ ನೆನಪಾದ ತಕ್ಷಣ ತಗೊಳ್ಳಲಿ. ಮುಂದಿನ ಡೋಸ್ ಹತ್ತಿರ ಬಂದಿದ್ದರೆ ಬಿಟ್ಟುಬಿಡಲಿ, ಎರಡು ಒಟ್ಟಿಗೆ ಬೇಡ. ಎರಡು ದಿನಕ್ಕೇ ಹುಷಾರಾಯಿತು ಅಂತ ತಾವೇ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ದಿನ ಮುಗಿದ ಮೇಲೆ "ಇನ್ನೊಂದು ವಾರ ಇರಲಿ" ಅಂತ ತಾವೇ ಮುಂದುವರಿಸಲೂ ಬಾರದು. ಉಳಿದ ಮಾತ್ರೆಯನ್ನು ಮುಂದಿನ ನೆಗಡಿಗೆ ಅಂತ ಎತ್ತಿಡುವುದು, ಪಕ್ಕದವರಿಗೆ ಕೊಡುವುದು ಖಂಡಿತ ಬೇಡ. ನೆಗಡಿ, ಫ್ಲೂ ಬರುವುದು ವೈರಸ್‌ನಿಂದ, ಅದಕ್ಕೆ ಆ್ಯಂಟಿಬಯಾಟಿಕ್ ಏನೂ ಮಾಡುವುದಿಲ್ಲ.

ಡಿಸ್ಚಾರ್ಜ್ ಚೀಟಿಯಲ್ಲಿ ಔಷಧಿಯ ನಿಜವಾದ ಹೆಸರು, ಶುರುವಾದ ದಿನ, ಕೊನೆಯ ದಿನ, ರಿಯಾಕ್ಷನ್ ಆಗಿದ್ದರೆ ಅದರ ವಿವರ ಇದೆಯಾ ನೋಡಿ ಕೊಡಿ. ಕೋರ್ಸ್ ಮುಗಿದು ಎರಡು ಮೂರು ತಿಂಗಳವರೆಗೂ ಸಿ. ಡಿಫಿಸಿಲ್ ಭೇದಿ ಶುರುವಾಗಬಹುದು. ಆಗ ಬೇರೆ ಯಾವ ಡಾಕ್ಟರ್ ಹತ್ತಿರ ಹೋದರೂ ಆ ಚೀಟಿ ತೋರಿಸಿ, ಇಂಥ ಆ್ಯಂಟಿಬಯಾಟಿಕ್ ತಗೊಂಡಿದ್ದೆ ಅಂತ ಮೊದಲೇ ಹೇಳುವಂತೆ ತಿಳಿಸಿ ಕಳಿಸಿ.